ರಿವಾಲ್ವರಿನ ತೋಟಾ ಹಾರಿಸುವ ಲಿವರ್ ಕೋವಿ: ಕೊಳ್ಳುವ, ತುಂಬುವ, ಖಾಲಿ ಮಾಡುವ ಕ್ರಮ

ಮಲೆನಾಡಿನ ತೋಟದ ಮನೆಗಳಲ್ಲಿ ಬೆಳೆ ಕಾಯಲೆಂದು ಇಟ್ಟುಕೊಳ್ಳುವ ಜೋಡುನಳಿಗೆ ಕೋವಿಯನ್ನು ನೋಡಿ ಬೆಳೆದವರಿಗೆ ಅದರ ಒಂದು ದೊಡ್ಡ ಅನುಕೂಲ ಗೊತ್ತಿರುತ್ತದೆ. ಕೋವಿಯನ್ನು ಮಡಿಸಿದ ಕೂಡಲೆ ಎರಡೂ ನಳಿಗೆಗಳ ಬುಡ ತೆರೆದುಕೊಳ್ಳುತ್ತದೆ. ತೋಟಾ ಇದೆಯೋ ಇಲ್ಲವೋ ಎಂಬುದು ಬರಿಗಣ್ಣಿಗೆ ಕಾಣುತ್ತದೆ. ಅಮೆರಿಕದ ಲಿವರ್ ಆಕ್ಷನ್ ಕಾರ್ಬೈನಿನಲ್ಲಿ, ಅಂದರೆ ಟ್ರಿಗರಿನ ಬಳಿಯ ಬಳೆಯಂತಹ ಹಿಡಿಯನ್ನು ಕೆಳಗೆ ತಳ್ಳಿ ಮೇಲಕ್ಕೆಳೆದು ತೋಟಾ ಬದಲಿಸುವ ಗಿಡ್ಡ ರೈಫಲ್ಲಿನಲ್ಲಿ, ಈ ಅನುಕೂಲವಿಲ್ಲ. ಅದರ ತೋಟಾಗಳು ನಳಿಗೆಯ ಕೆಳಗೆ ಅಂಟಿಕೊಂಡಿರುವ ಉದ್ದನೆಯ ಕೊಳವೆಯೊಳಗೆ, ಒಂದರ ಬೆನ್ನಿಗೆ ಇನ್ನೊಂದರ ಮೂತಿ ತಾಗುವಂತೆ ಸಾಲಾಗಿ ಕೂತಿರುತ್ತವೆ. ಕಳಚಿ ಕೈಗೆ ತೆಗೆದುಕೊಳ್ಳಬಹುದಾದ ಮ್ಯಾಗಜಿನ್ ಇಲ್ಲ, ಒಳಗೆ ಎಷ್ಟು ಉಳಿದಿವೆ ಎಂದು ಹೊರಗಿನಿಂದ ತಿಳಿಯುವ ಉಪಾಯವೂ ಇಲ್ಲ. ಈ ಕೊಳವೆಯ ಸ್ವಭಾವವನ್ನು ಅರ್ಥ ಮಾಡಿಕೊಂಡವರಿಗೆ ಯಾವ ತೋಟಾ ಕೊಳ್ಳಬೇಕು, ಹೇಗೆ ತುಂಬಬೇಕು, ಹೇಗೆ ಖಾಲಿ ಮಾಡಬೇಕು ಎಂಬ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಬಗೆಹರಿಯುತ್ತವೆ. ಅಮೆರಿಕದಲ್ಲಿ ನೆಲೆಸಿ, ಅಲ್ಲಿನ ಕಾನೂನಿನ ಪ್ರಕಾರ ಇಂತಹ ಕೋವಿಯೊಂದನ್ನು ಕೊಳ್ಳಬೇಕೆಂದಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಮಾತುಗಳನ್ನು ಬರೆದಿದ್ದೇನೆ.

ಮೊದಲು ವೀಸಾ, ಆಮೇಲೆ ಕೋವಿ

ಎಚ್‌-1ಬಿ, ಎಲ್‌-1, ಎಫ್‌-1 ಮುಂತಾದ ತಾತ್ಕಾಲಿಕ ವೀಸಾಗಳ ಮೇಲೆ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಇದಕ್ಕೆ ಕೆಲವು ವಿನಾಯಿತಿಗಳಿದ್ದು, ಸಾಮಾನ್ಯರಿಗೆ ಸಿಗುವಂಥದ್ದು ಯಾವುದಾದರೂ ರಾಜ್ಯ ಕೊಟ್ಟಿರುವ, ಅವಧಿ ಮುಗಿಯದ ಬೇಟೆಯ ಪರವಾನಗಿ. ಇಲ್ಲಿ ಬಹಳ ಮಂದಿ ಎಡವುವುದು 'ಹೊಂದುವುದು' ಎಂಬ ಪದದ ಅರ್ಥದಲ್ಲಿ. ಸ್ವಂತಕ್ಕೆ ಕೊಳ್ಳದೆ, ವಾರಾಂತ್ಯದಲ್ಲಿ ಗೆಳೆಯರೊಡನೆ ಶೂಟಿಂಗ್ ರೇಂಜಿಗೆ ಹೋಗಿ ಅರ್ಧ ಗಂಟೆಯ ಮಟ್ಟಿಗೆ ಬಾಡಿಗೆಗೆ ಹಿಡಿದರೂ ಕಾನೂನಿನ ಕಣ್ಣಿಗೆ ಅದು ಹೊಂದಿದಂತೆಯೇ. ಕಚೇರಿಯ ಗೆಳೆಯರೆಲ್ಲ ಹೋಗಿ ಬಂದರು, ಯಾರೂ ಏನೂ ಕೇಳಲಿಲ್ಲ ಎಂಬುದು ಇದಕ್ಕೆ ಸಮರ್ಥನೆಯಾಗುವುದಿಲ್ಲ. ಹಸಿರು ಕಾರ್ಡು ಪಡೆದವರು ಮತ್ತು ಪೌರರು ಕೊಳ್ಳಬಹುದು. ವೀಸಾದ ಮೇಲಿರುವವರು ಬೇಟೆ ಶಿಕ್ಷಣದ ತರಗತಿ ಮುಗಿಸಿ ಪರವಾನಗಿ ಪಡೆದುಕೊಂಡ ಮೇಲೂ ಒಮ್ಮೆ ವಲಸೆ ಕಾನೂನು ತಿಳಿದ ವಕೀಲರನ್ನು ಕೇಳುವುದು ಒಳ್ಳೆಯದು, ಏಕೆಂದರೆ ಇಲ್ಲಿ ತಪ್ಪಾದರೆ ದಂಡ ಕಟ್ಟಿ ಮುಗಿಸಬಹುದಾದ ಮಾತಲ್ಲ, ದೇಶವನ್ನೇ ಬಿಡಬೇಕಾಗಿ ಬರಬಹುದು.

ಪರವಾನಗಿ ಹೊಂದಿದ ವ್ಯಾಪಾರಿಯಿಂದ ಕೊಳ್ಳುವಾಗ 4473 ಎಂಬ ಸಂಖ್ಯೆಯ ಫಾರಂ ತುಂಬಬೇಕು. 1998ರಲ್ಲಿ ಆರಂಭವಾದ ರಾಷ್ಟ್ರೀಯ ತಪಾಸಣಾ ವ್ಯವಸ್ಥೆಯ ಮೂಲಕ ಕೊಳ್ಳುವವರ ಹಿನ್ನೆಲೆಯನ್ನು ಪರಿಶೀಲಿಸಲಾಗುತ್ತದೆ. ರೈಫಲ್ ವರ್ಗಕ್ಕೆ ಸೇರುವ ಈ ಕೋವಿಗೆ ಫೆಡರಲ್ ನಿಯಮದಂತೆ 18 ವರ್ಷ ಸಾಕು, ಆದರೆ ಕ್ಯಾಲಿಫೋರ್ನಿಯಾದಂತಹ ರಾಜ್ಯಗಳಲ್ಲಿ ಸಾಮಾನ್ಯವಾಗಿ 21 ಆಗಿರಬೇಕು ಮತ್ತು ಹಣ ಕೊಟ್ಟ ಮೇಲೆ 10 ದಿನ ಕಾಯಬೇಕು. ಇಲಿನಾಯ್ ಮತ್ತು ನ್ಯೂಜೆರ್ಸಿಗಳಲ್ಲಿ ಮೊದಲು ರಾಜ್ಯದ ಗುರುತಿನ ಕಾರ್ಡು ಪಡೆಯಬೇಕು. ಗಾಂಜಾ ಸೇವನೆಯನ್ನು ರಾಜ್ಯ ಕಾನೂನುಬದ್ಧ ಮಾಡಿದ್ದರೂ ಫೆಡರಲ್ ಕಾನೂನು ಅದನ್ನು ಒಪ್ಪಿಲ್ಲವಾದ್ದರಿಂದ ಫಾರಂನ ಆ ಪ್ರಶ್ನೆಯನ್ನು ಓದಿ ಉತ್ತರಿಸಬೇಕು. ಕೋವಿಯ ನಳಿಗೆ 16 ಇಂಚಿಗಿಂತ ಗಿಡ್ಡದಾಗಿದ್ದರೆ ಅದು ಬೇರೆಯೇ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ, ಹಾಗಾಗಿ ನಳಿಗೆಯನ್ನು ಕತ್ತರಿಸುವ ಯೋಚನೆಯನ್ನು ಎಂದೂ ಮಾಡಬಾರದು.

ಒಂದೇ ತೋಟಾ ಏಕೆ

ವಿಂಚೆಸ್ಟರ್ ಕಂಪನಿ 1873ರಲ್ಲಿ ತಂದ ಲಿವರ್ ಕೋವಿ .44-40 ಎಂಬ ತೋಟಾವನ್ನು ಹಾರಿಸುತ್ತಿತ್ತು. ಐದು ವರ್ಷಗಳ ನಂತರ ಕೋಲ್ಟ್ ಕಂಪನಿ ಅದೇ ತೋಟಾಕ್ಕೆ ಹೊಂದುವ ರಿವಾಲ್ವರನ್ನು ಮಾರತೊಡಗಿತು. ಊರಿಂದೂರಿಗೆ ದಿನಗಟ್ಟಲೆ ಕುದುರೆಯ ಮೇಲೆ ಹೋಗುವವನಿಗೆ ಸೊಂಟದ ಒಂದೇ ಪಟ್ಟಿಯ ತೋಟಾಗಳು ಎರಡೂ ಆಯುಧಗಳಿಗೆ ಆಗುವುದು ಬಹಳ ದೊಡ್ಡ ಸೌಕರ್ಯವಾಗಿತ್ತು. ಇಂದು ಕುದುರೆ ಹೋಗಿ ಪಿಕಪ್ ಟ್ರಕ್ ಬಂದಿದ್ದರೂ ಆ ಸೌಕರ್ಯಕ್ಕೆ ಅರ್ಥ ಉಳಿದಿದೆ.

ಈಗ ಸಿಗುವ ಆಯ್ಕೆಗಳಲ್ಲಿ ಮುಖ್ಯವಾದವು .357 ಮ್ಯಾಗ್ನಂ, .44 ಮ್ಯಾಗ್ನಂ ಮತ್ತು .45 ಕೋಲ್ಟ್. ಮೊದಲ ಕೋವಿಯಾದರೆ .357 ಕೊಳ್ಳಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. 1935ರಲ್ಲಿ ಬಂದ ಈ ತೋಟಾ ಅದಕ್ಕಿಂತ ಹಳೆಯದಾದ .38 ಸ್ಪೆಷಲ್ ಅನ್ನು ಉದ್ದ ಮಾಡಿ ರೂಪಿಸಿದ್ದು. ಹೆಸರುಗಳು ಬೇರೆಯಾದರೂ ಎರಡರ ಗುಂಡಿನ ಅಗಲ ಒಂದೇ, ಸುಮಾರು 0.357 ಇಂಚು. ಮ್ಯಾಗ್ನಂನ ಕವಚ (ಮದ್ದನ್ನೂ ಗುಂಡನ್ನೂ ಹಿಡಿದಿಡುವ ಲೋಹದ ಹೊದಿಕೆ) ಒಂದು ಇಂಚಿನ ಎಂಟನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಉದ್ದವಿದೆ, ಅಷ್ಟೆ. ಹಾಗಾಗಿ .357 ಕೋವಿಯಲ್ಲಿ .38 ಸ್ಪೆಷಲ್ ಹಾರಿಸಬಹುದು; .38ರ ಆಯುಧದಲ್ಲಿ .357 ಹಾರಿಸುವಂತಿಲ್ಲ, ಆ ಹೆಚ್ಚಿನ ಉದ್ದವನ್ನು ಕೊಟ್ಟದ್ದೇ ಅದು ಹಳೆಯ ರಿವಾಲ್ವರುಗಳೊಳಗೆ ಕೂರದಿರಲಿ ಎಂದು. ಕಲಿಯುವವನಿಗೆ .38 ಅಗ್ಗ, ಅದರ ಒದೆತ ಭುಜಕ್ಕೆ ತಿಳಿಯುವುದೂ ಇಲ್ಲ, ಮತ್ತು ಅದರ ಗುಂಡು ಶಬ್ದಕ್ಕಿಂತ ನಿಧಾನವಾಗಿ ಹೋಗುವುದರಿಂದ ಸದ್ದೂ ಕಡಿಮೆ. ಹಾಗೆಂದು ಕಿವಿಗೆ ರಕ್ಷಣೆಯಿಲ್ಲದೆ ಹಾರಿಸಬಾರದು.

ಅದೇ ಕೋವಿಗೆ ಮ್ಯಾಗ್ನಂ ತುಂಬಿದರೆ ವಿಷಯವೇ ಬದಲಾಗುತ್ತದೆ. 158 ಗ್ರೇನ್, ಅಂದರೆ ಸುಮಾರು 10 ಗ್ರಾಂ ತೂಕದ ಗುಂಡು ನಾಲ್ಕು ಇಂಚಿನ ರಿವಾಲ್ವರಿನಿಂದ ಸೆಕೆಂಡಿಗೆ ಹೆಚ್ಚುಕಡಿಮೆ 1,250 ಅಡಿ ವೇಗದಲ್ಲಿ ಹೊರಡುತ್ತದೆ. 16 ಇಂಚಿನ ಕಾರ್ಬೈನಿನಿಂದ 1,700 ಅಡಿಗೂ ಮೀರಿ ಹೋಗುತ್ತದೆ. ನಿಧಾನವಾಗಿ ಉರಿಯುವ ಮದ್ದಿಗೆ ಉದ್ದ ನಳಿಗೆಯಲ್ಲಿ ಕೆಲಸ ಮಾಡಲು ಸಮಯ ಸಿಗುವುದೇ ಇದಕ್ಕೆ ಕಾರಣ. ಶಕ್ತಿಯ ಲೆಕ್ಕದಲ್ಲಿ ಇದು ಹತ್ತಿರ ಹತ್ತಿರ ಎರಡರಷ್ಟು. ಇದರಿಂದ ಹುಟ್ಟುವ ಒಂದು ಅಪಾಯವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ: ಪಿಸ್ತೂಲಿಗೆಂದು ಹತ್ತಿರದಲ್ಲಿ ನಿಲ್ಲಿಸಿದ ಉಕ್ಕಿನ ಗುರಿಫಲಕಕ್ಕೆ 'ಇದೂ ಪಿಸ್ತೂಲಿನ ತೋಟಾ ತಾನೆ' ಎಂದು ಕಾರ್ಬೈನಿನ ಮ್ಯಾಗ್ನಂ ಹೊಡೆಯಬಾರದು. ಆ ವೇಗದ ಗುಂಡು ಫಲಕವನ್ನು ಹಳ್ಳ ಮಾಡುತ್ತದೆ, ಹಳ್ಳಬಿದ್ದ ಫಲಕ ಚೂರುಗಳನ್ನು ಹೊಡೆದವನ ಕಡೆಗೇ ತಿರುಗಿಸುತ್ತದೆ.

ಜಿಂಕೆ ಬೇಟೆಯ ಉದ್ದೇಶವಿದ್ದರೆ .44 ಮ್ಯಾಗ್ನಂ ಹೆಚ್ಚು ಸೂಕ್ತ. ಇಂಡಿಯಾನಾದಲ್ಲಿ 2007ರಿಂದ, ಒಹಾಯೊದಲ್ಲಿ 2014ರಿಂದ, ಮೊದಲು ಶಾಟ್‌ಗನ್ನಿಗೆ ಮೀಸಲಾಗಿದ್ದ ಜಿಂಕೆ ಬೇಟೆಯಲ್ಲಿ ಇಂತಹ, ಬಾಯಿಯ ಕಡೆ ಕಿರಿದಾಗದ ನೇರ ಕವಚದ ತೋಟಾಗಳ ರೈಫಲ್ಲುಗಳಿಗೆ ಅವಕಾಶ ಸಿಕ್ಕಿದ್ದು ಈ ಕೋವಿಗಳು ಮತ್ತೆ ಜನಪ್ರಿಯವಾಗಲು ಒಂದು ಕಾರಣ. ನಿಯಮಗಳು ವರ್ಷದಿಂದ ವರ್ಷಕ್ಕೆ ತಿದ್ದುಪಡಿಯಾಗುವುದರಿಂದ ಆಯಾ ವರ್ಷದ ಕೈಪಿಡಿಯನ್ನೇ ನೋಡಬೇಕು.

ಯಾವ ಕೋವಿ ಎಂಬುದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1892ರ ಮಾದರಿಯನ್ನು ಬ್ರೆಜಿಲ್ಲಿನ ರೊಸ್ಸಿ ಈಗಲೂ ಮಾಡುತ್ತಿದೆ. 16 ಇಂಚಿನ ನಳಿಗೆಯದು ಎರಡೂವರೆ ಕಿಲೋಗೂ ಕಡಿಮೆ ತೂಗುತ್ತದೆ, ಹಾರುವಾಗ ನಳಿಗೆಯ ಬುಡವನ್ನು ಮುಚ್ಚಿಡುವ ಬೀಗ ಗಟ್ಟಿ, ಆದರೆ ಖಾಲಿ ಕವಚ ಮೇಲಕ್ಕೆ ಹಾರುವುದರಿಂದ ದೂರದರ್ಶಕ ಕೂರಿಸುವುದು ಕಷ್ಟ. ಮಾರ್ಲಿನ್ 1894ರ ನೆತ್ತಿ ಮುಚ್ಚಿದೆ, ಕವಚ ಬಲಕ್ಕೆ ಹಾರುತ್ತದೆ, ಕಣ್ಣು ಮಂಜಾದವರು ಅದರ ಮೇಲೆ ಏನನ್ನಾದರೂ ಕೂರಿಸಿಕೊಳ್ಳಬಹುದು. ಈ ಕಂಪನಿಯನ್ನು 2020ರಲ್ಲಿ ರೂಗರ್ ಕೊಂಡಿತು. ಹೆನ್ರಿ ಕಂಪನಿಯ ಹಿತ್ತಾಳೆ ಮೈಯ ಬಿಗ್ ಬಾಯ್ ನೋಡಲು ದೇವರಮನೆಯ ದೀಪದಂತೆ ಹೊಳೆಯುತ್ತದೆ, ಆದರೆ ಎಂಟು ಮೂಲೆಯ ನಳಿಗೆಯೊಡನೆ ನಾಲ್ಕು ಕಿಲೋಗೆ ಹತ್ತಿರ ತೂಗುತ್ತದೆ. ಇಟಲಿಯ ಉಬೆರ್ಟಿ ಮಾಡುವ 1873ರ ಪ್ರತಿಕೃತಿಯ ಲಿವರ್ ಬೆಣ್ಣೆಯ ಹಾಗೆ ಓಡುತ್ತದೆ. ಗುರಿಯ ಪಂದ್ಯಗಳಿಗೆ ಅದೇ ಅಚ್ಚುಮೆಚ್ಚು, ಆದರೆ ಅದರ ಬೀಗದ ಕೀಲು 1892ರದಷ್ಟು ಬಲವಾದುದಲ್ಲ. ದೊಡ್ಡ ಬಳೆಯಂತಹ ಲಿವರ್ ಸಿನಿಮಾಕ್ಕೆ ಚೆನ್ನ, ಅಥವಾ ಹಿಮದಲ್ಲಿ ದಪ್ಪ ಕೈಗವಸು ತೊಟ್ಟವರಿಗೆ. ಉಳಿದವರಿಗೆ ಸಾಧಾರಣ ಗಾತ್ರದ್ದೇ ಮೇಲು.

ಕೊಳವೆ ಕೇಳುವ ತೋಟಾ

ಕೊಳವೆಯೊಳಗೆ ಪ್ರತಿ ಗುಂಡಿನ ಮೂತಿಯೂ ಅದರ ಮುಂದಿನ ತೋಟಾದ ಹಿಂಭಾಗದಲ್ಲಿರುವ, ಬಡಿದರೆ ಮದ್ದಿಗೆ ಕಿಡಿ ಹಚ್ಚುವ ಕೇಪಿಗೆ ಒತ್ತಿಕೊಂಡಿರುತ್ತದೆ ಎಂಬುದನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಚೂಪಾದ ಲೋಹದ ಮೂತಿಯ ಗುಂಡನ್ನು ಅಲ್ಲಿ ತುಂಬಿದರೆ, ಕೋವಿ ಒದೆದಾಗ ಅದು ಕೇಪನ್ನು ಚುಚ್ಚಿ ಕೊಳವೆಯೊಳಗೇ ಸಿಡಿಸುವ ಸಾಧ್ಯತೆಯಿದೆ, ಮತ್ತು ಆ ಕೊಳವೆಯನ್ನು ಹಿಡಿದಿರುವುದು ನಿಮ್ಮ ಎಡಗೈ. ಆದ್ದರಿಂದ ಮೂತಿ ಚಪ್ಪಟೆಯಾಗಿರುವ ಗುಂಡುಗಳನ್ನೇ ಕೊಳ್ಳಬೇಕು. ಕೊಳವೆ ಮ್ಯಾಗಜಿನ್ನಿಗೆಂದೇ ಮೆತ್ತನೆಯ ಪಾಲಿಮರ್ ತುದಿಯಿಟ್ಟು ಮಾಡಿದ ಹಾರ್ನಡಿ ಕಂಪನಿಯ ತೋಟಾಗಳು ಇದಕ್ಕೆ ಅಪವಾದ. ಇದರ ಇನ್ನೊಂದು ತುದಿಯಲ್ಲಿ, ಗುಂಡು ಕವಚದೊಳಗೇ ಪೂರ್ತಿ ಹುದುಗಿರುವ ವ್ಯಾಡ್‌ಕಟರ್ ಎಂಬ ಬಗೆಯಿದೆ. ಅದು ಕಾಗದದ ಗುರಿಗೆ ರಿವಾಲ್ವರಿನಲ್ಲಿ ಚೆನ್ನಾಗಿದ್ದರೂ ತೀರ ಗಿಡ್ಡವಾದ್ದರಿಂದ ಲಿವರ್ ಕೋವಿಯಲ್ಲಿ ತೋಟಾವನ್ನು ಕೊಳವೆಯಿಂದ ಮೇಲಕ್ಕೆತ್ತುವ ಎತ್ತುಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. 158 ಗ್ರೇನಿನ ಚಪ್ಪಟೆ ಮೂತಿಯ .38 ಒಂದು ಪೆಟ್ಟಿಗೆ, ಅದೇ ತೂಕದ .357 ಒಂದು ಪೆಟ್ಟಿಗೆ ತಂದರೆ ಆರಂಭಕ್ಕೆ ಸಾಕು. ಕೆಲವು ಕೋವಿಗಳು .38ರ ಗಿಡ್ಡ ತೋಟಾಗಳನ್ನು ಅಷ್ಟು ಸಲೀಸಾಗಿ ಎತ್ತಿಕೊಳ್ಳುವುದಿಲ್ಲ, ಬೇರೆ ತಯಾರಕರ ತೋಟಾ ಪ್ರಯತ್ನಿಸಿದರೆ ಬಹುತೇಕ ಸರಿಹೋಗುತ್ತದೆ.

ತುಂಬುವುದು, ಹಾರಿಸುವುದು

ಕಲಿಕೆಯನ್ನು ಮನೆಯಲ್ಲಿ ಮದ್ದಿಲ್ಲದ ಡಮ್ಮಿ ತೋಟಾಗಳೊಡನೆ ಆರಂಭಿಸಬೇಕು. ಆ ಕೋಣೆಯಲ್ಲಿ ನಿಜವಾದ ತೋಟಾ ಒಂದೂ ಇರಕೂಡದು. ಕೋವಿ ಖಾಲಿಯಾಗಿದೆ ಎಂದು ಖಚಿತವಾಗಿದ್ದರೂ ಅದರ ಬಾಯಿ ಸುರಕ್ಷಿತವಾದ ದಿಕ್ಕಿಗೇ ಇರಬೇಕು, ಗುರಿ ಹಿಡಿದು ಹಾರಿಸಲು ನಿರ್ಧರಿಸುವವರೆಗೆ ಬೆರಳು ಟ್ರಿಗರಿನ ಹೊರಗೆ ನೇರವಾಗಿ ಚಾಚಿರಬೇಕು. ಲಿವರ್ ಕೋವಿಯಲ್ಲಿ ಈ ಎರಡನೆಯ ನಿಯಮಕ್ಕೆ ಹೆಚ್ಚಿನ ತೂಕವಿದೆ, ಏಕೆಂದರೆ ಲಿವರನ್ನು ಮೇಲಕ್ಕೆ ಎಳೆದು ಮುಚ್ಚುವ ಕೈಯೇ ಟ್ರಿಗರಿನ ಕೈ. ಒಳಗೆ ಬಿಟ್ಟ ಬೆರಳು ಲಿವರ್ ಮುಚ್ಚುವ ರಭಸದಲ್ಲೇ ಟ್ರಿಗರನ್ನು ಒತ್ತಿಬಿಡಬಹುದು. ಮೂರು ಬೆರಳು ಬಳೆಯೊಳಗೆ, ತೋರುಬೆರಳು ಹೊರಗೆ. ಇದು ಯೋಚಿಸದೆ ಬರುವವರೆಗೂ ರೇಂಜಿಗೆ ಹೋಗಬೇಕಾಗಿಲ್ಲ.

ಬಲಗಡೆಯ ಪುಟ್ಟ ಬಾಗಿಲಿನ ಮೂಲಕ ತುಂಬುವಾಗ ಅದರ ಸ್ಪ್ರಿಂಗ್ ಹೊಸದರಲ್ಲಿ ಹೆಬ್ಬೆರಳ ಉಗುರನ್ನು ಕಚ್ಚುತ್ತದೆ. ಒಂದು ತೋಟಾವನ್ನು ಪೂರ್ತಿ ಒಳಕ್ಕೆ ತಳ್ಳದೆ, ಅದರ ಅಂಚು ಬಾಗಿಲಲ್ಲಿ ತುಸು ಹೊರಗಿರುವಂತೆ ನಿಲ್ಲಿಸಿ, ಮುಂದಿನ ತೋಟಾದ ಮೂತಿಯಿಂದ ಅದನ್ನು ತಳ್ಳುತ್ತ ಹೋದರೆ ಬಾಗಿಲು ಮುಚ್ಚಿಕೊಳ್ಳುವುದೇ ಇಲ್ಲ, ಬೆರಳೂ ಉಳಿಯುತ್ತದೆ. ಕೊನೆಯದನ್ನು ಮಾತ್ರ ಪೂರ್ತಿ ಒತ್ತಬೇಕು. 16 ಇಂಚಿನ .357 ಸಾಮಾನ್ಯವಾಗಿ 8, 20 ಇಂಚಿನದು 10 ತೋಟಾ ಹಿಡಿಯುತ್ತದೆ. ಆದರೆ ಮೊದಲ ದಿನ ಒಂದೇ ಒಂದು ತುಂಬಿ ಹಾರಿಸಿ, ಆಮೇಲೆ ಎರಡು, ಆಮೇಲೆ ಐದು. ಎಷ್ಟು ತುಂಬಿದಿರಿ ಎಂಬುದನ್ನು ಬಾಯಿಬಿಟ್ಟು ಎಣಿಸಿ. ಕೊಳವೆ ಲೆಕ್ಕ ಹೇಳುವುದಿಲ್ಲವಾದ್ದರಿಂದ ಆ ಲೆಕ್ಕವನ್ನು ನೀವೇ ಇಟ್ಟುಕೊಳ್ಳಬೇಕು.

ಲಿವರನ್ನು ಕೆಳಗೆ ತಳ್ಳಿದಾಗ, ನಳಿಗೆಯ ಬುಡವನ್ನು ಮುಚ್ಚುವ ಬೋಲ್ಟ್ ಹಿಂದೆ ಸರಿದು ಖಾಲಿ ಕವಚವನ್ನು ಎಳೆದು ಎಸೆಯುತ್ತದೆ, ಕೇಪು ಸಿಡಿಸುವ ಸುತ್ತಿಗೆಯಾದ ಕುದುರೆಯನ್ನು ಹಿಂದಕ್ಕೆ ಮಡಿಚುತ್ತದೆ, ಎತ್ತುಗೆ ಹೊಸ ತೋಟಾವನ್ನು ಮೇಲಕ್ಕೆ ತರುತ್ತದೆ. ಮೇಲಕ್ಕೆ ಎಳೆದಾಗ ಆ ತೋಟಾ ನಳಿಗೆಯ ಬುಡದ ಗೂಡಾದ ಚೇಂಬರಿಗೆ ಸೇರಿ ಬೀಗ ಬೀಳುತ್ತದೆ. ಇಷ್ಟೂ ಕೆಲಸ ಆಗಬೇಕಾದರೆ ಲಿವರ್ ಕೊನೆಯ ಮಿತಿಯವರೆಗೂ ಹೋಗಬೇಕು. ದುಬಾರಿ ಕೋವಿಗೆ ನೋವಾದೀತು ಎಂಬಂತೆ ಮೆಲ್ಲಗೆ ಅರ್ಧಕ್ಕೆ ಎಳೆಯುವವರೇ ಹೆಚ್ಚಾಗಿ ಸಿಕ್ಕಿಸಿಕೊಳ್ಳುವುದು: ಹಳೆಯ ಕವಚ ಹೊರಬಿದ್ದಿರುವುದಿಲ್ಲ, ಹೊಸ ತೋಟಾ ಆಗಲೇ ಮೇಲೆ ಬಂದಿರುತ್ತದೆ, ಎರಡೂ ಬಾಗಿಲಲ್ಲಿ ಜಗಳವಾಡುತ್ತವೆ. ಕೋವಿಯನ್ನು ಭುಜದಿಂದ ಇಳಿಸದೆ, ಒಂದೇ ಮನಸ್ಸಿನಿಂದ, ಕೊನೆಮುಟ್ಟ ತಳ್ಳಿ ಕೊನೆಮುಟ್ಟ ಎಳೆಯಬೇಕು. ಸಿಕ್ಕಿಕೊಂಡಾಗ ಬಲಪ್ರಯೋಗ ಬೇಡ. ಬಾಯಿ ಗುರಿಯ ಕಡೆಗೇ ಇರಲಿ, ಕುದುರೆ ಮಡಿಚಿದ ಸ್ಥಿತಿಯಲ್ಲಿದೆ ಎಂಬ ನೆನಪಿರಲಿ, ಲಿವರನ್ನು ಮೆಲ್ಲನೆ ತೆರೆದು ಬೆರಳಿನಿಂದ ಬಿಡಿಸಿ. ಎಂದಾದರೂ ಸದ್ದು ಪುಸ್ಸೆಂದು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಮದ್ದು ಕಡಿಮೆಯಾದ ತೋಟಾದ ಗುಂಡು ಉದ್ದ ನಳಿಗೆಯ ನಡುವೆಯೇ ನಿಂತಿರಬಹುದು. ಅದರ ಹಿಂದೆ ಇನ್ನೊಂದನ್ನು ಹಾರಿಸಿದರೆ ನಳಿಗೆ ಸೀಳುತ್ತದೆ.

ಮಡಿಚಿದ ಕುದುರೆಯನ್ನು ಹೆಬ್ಬೆರಳಿನಲ್ಲಿ ಹಿಡಿದು, ಟ್ರಿಗರ್ ಒತ್ತಿ, ಚೇಂಬರಿನಲ್ಲಿ ತೋಟಾ ಇರುವಾಗಲೇ ನಿಧಾನವಾಗಿ ಕೆಳಗಿಳಿಸುವ ಪದ್ಧತಿ ಹಳೆಯ ಕಾಲದಿಂದ ಬಂದದ್ದು. ಬೆವರಿದ ಅಥವಾ ಚಳಿಗೆ ಮರಗಟ್ಟಿದ ಹೆಬ್ಬೆರಳು ಜಾರಿದರೆ ಕೋವಿ ಹಾರುತ್ತದೆ. ಹೊಸಬರು ಇದನ್ನು ಮಾಡಲೇಬಾರದು, ಹಾರಿಸುವ ಗಳಿಗೆ ಬರುವವರೆಗೆ ಚೇಂಬರನ್ನು ಖಾಲಿ ಇಟ್ಟುಕೊಂಡರೆ ಈ ಸಂದರ್ಭವೇ ಬರುವುದಿಲ್ಲ.

ಗುರಿಯನ್ನು 75 ಗಜಕ್ಕೆ ಹೊಂದಿಸುವುದು ನನಗೆ ಸರಿ ಕಂಡ ಕ್ರಮ. 158 ಗ್ರೇನಿನ ಮ್ಯಾಗ್ನಂ ಹಾಗೆ ಹೊಂದಿಸಿದ ಕೋವಿಯಲ್ಲಿ 50 ಗಜದಲ್ಲಿ ಒಂದು ಇಂಚಿನೊಳಗೆ ಮೇಲೆ, 100 ಗಜದಲ್ಲಿ ಸುಮಾರು ಎರಡು ಇಂಚು ಕೆಳಗೆ ಬೀಳುತ್ತದೆ. 150 ಗಜಕ್ಕೆ ಹೋದರೆ ಕುಸಿತ ಒಂದಡಿಗೆ ಹತ್ತಿರವಾಗುತ್ತದೆ. ಈ ಕೋವಿಯ ರಾಜ್ಯ 100 ಗಜಕ್ಕೆ ಮುಗಿಯಿತು ಎಂದು ತಿಳಿದುಕೊಂಡವರಿಗೆ ನಿರಾಶೆಯಾಗುವುದಿಲ್ಲ. ಅದೇ ಹೊಂದಿಕೆಯಲ್ಲಿ .38 ಸ್ಪೆಷಲ್ ಹಾರಿಸಿದರೆ 50 ಗಜದಲ್ಲೇ ಮೂರು ಇಂಚಿನಷ್ಟು ಕೆಳಗೆ ಬೀಳುವುದರಿಂದ, ಒಂದೇ ತೋಟಾಪಟ್ಟಿಯಲ್ಲಿ ಎರಡನ್ನೂ ಬೆರೆಸಿಟ್ಟುಕೊಂಡರೆ ಗುರಿ ತಪ್ಪಿದ್ದು ಯಾರ ತಪ್ಪೆಂದು ತಿಳಿಯದು. ಹಿಂದಿನ ಕೊಂಬಿನಾಕಾರದ ಸೈಟಿಗಿಂತ ಕಿಂಡಿ ಸೈಟು ನಲವತ್ತು ದಾಟಿದ ಕಣ್ಣುಗಳಿಗೆ ಎಷ್ಟೋ ಹಿತ.

ಖಾಲಿ ಮಾಡುವುದು

ಜೋಡುನಳಿಗೆಯನ್ನು ಮಡಿಸಿ ನೋಡಿದಷ್ಟು ಸುಲಭವಲ್ಲ ಎಂದು ಮೊದಲೇ ಹೇಳಿದೆ. ಬದಿಯ ಬಾಗಿಲಿನಿಂದ ಮಾತ್ರ ತುಂಬುವ ಕೋವಿಗಳಲ್ಲಿ ಉಳಿದ ಪ್ರತಿಯೊಂದು ತೋಟಾವೂ ಲಿವರಿನ ಒಂದೊಂದು ಎಳೆತದಲ್ಲಿ, ಚೇಂಬರಿನ ಮೂಲಕವೇ ಹೊರಬರಬೇಕು. ಅಂದರೆ ಖಾಲಿ ಮಾಡುವ ಕೆಲಸದ ಉದ್ದಕ್ಕೂ ಕೋವಿ ಮತ್ತೆ ಮತ್ತೆ ಹಾರಲು ಸಿದ್ಧವಾಗುತ್ತಿರುತ್ತದೆ. ಟ್ರಿಗರನ್ನು ಮುಟ್ಟದೆ, ಬಾಯಿ ಗುರಿಯ ಕಡೆಗಿಟ್ಟು, ಆತುರವಿಲ್ಲದೆ ಮಾಡಬೇಕು. ಹೆನ್ರಿಯಂತಹ ಕೋವಿಗಳಲ್ಲಿ ಒಳಗೊಳವೆಯನ್ನು ಮುಂದಿನಿಂದ ಎಳೆದು ತೋಟಾಗಳನ್ನು ಸುರಿದುಕೊಳ್ಳಬಹುದು, ಆದರೆ ಅಷ್ಟಕ್ಕೇ ಕೋವಿ ಖಾಲಿಯಾಗುವುದಿಲ್ಲ. ಎತ್ತುಗೆಯ ಮೇಲೆ ಒಂದು, ಚೇಂಬರಿನಲ್ಲಿ ಒಂದು ಉಳಿದಿರಬಹುದು. ಯಾವ ಮಾದರಿಯೇ ಆಗಲಿ, ತೋಟಾ ಬರುವುದು ನಿಂತ ಮೇಲೂ ಲಿವರನ್ನು ಎರಡು ಮೂರು ಸಲ ಪೂರ್ತಿ ಆಡಿಸಿ, ತೆರೆದಿಟ್ಟು, ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ, ಕೊಳವೆಯ ಬಾಯಲ್ಲಿ ತೋಟಾ ತಳ್ಳುವ ಬಿಲ್ಲೆ ಬಂದು ನಿಂತಿರುವುದನ್ನು ಗುರುತಿಸಿ. ಕೊನೆಗೆ ನೆಲದ ತೋಟಾಗಳನ್ನೂ ಖಾಲಿ ಕವಚಗಳನ್ನೂ ಕೂಡಿಸಿ, ತುಂಬಿದ ಎಣಿಕೆಗೆ ತಾಳೆ ನೋಡಿ.

ಈ ಶಿಸ್ತನ್ನು ರೂಢಿಸಿಕೊಳ್ಳಲು 1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಸಿಂಗಲ್ ಆಕ್ಷನ್ ಶೂಟಿಂಗ್ ಸೊಸೈಟಿಯ ಪಂದ್ಯಗಳು ಒಳ್ಳೆಯ ಜಾಗ. ಅಲ್ಲಿ ಹಳೆಯ ಕಾಲದ ವೇಷ, ಒಂದು ಅಡ್ಡಹೆಸರು, ಬರೀ ಸೀಸದ ಗುಂಡು, ರಿವಾಲ್ವರ್ ತೋಟಾದ ರೈಫಲ್ ಕಡ್ಡಾಯ. ವೇಷ ಸ್ವಲ್ಪ ಯಕ್ಷಗಾನದ ಚೌಕಿಯನ್ನು ನೆನಪಿಸಿದರೂ, ಪ್ರತಿ ಸುತ್ತಿನ ಕೊನೆಯಲ್ಲಿ ಕೋವಿಯನ್ನು ಇನ್ನೊಬ್ಬರಿಗೆ ತೆರೆದು ತೋರಿಸಿ ಖಾಲಿ ಎನ್ನಿಸಿಕೊಂಡ ಮೇಲೆಯೇ ಪಕ್ಕಕ್ಕಿಡಲು ಬಿಡುತ್ತಾರೆ.

ಮನೆಗೆ ಬಂದ ಮೇಲೆ

.38 ಹೆಚ್ಚು ಹಾರಿಸಿದ .357 ಚೇಂಬರಿನಲ್ಲಿ, ಗಿಡ್ಡ ಕವಚದ ಬಾಯಿ ಮುಗಿಯುವ ಜಾಗದಲ್ಲಿ ಮಸಿ ಮತ್ತು ಸೀಸದ ಉಂಗುರವೊಂದು ಕಟ್ಟಿಕೊಳ್ಳುತ್ತದೆ. ಅದರ ಮೇಲೆ ಉದ್ದನೆಯ ಮ್ಯಾಗ್ನಂ ಕೂರಿಸಿದರೆ ಬಿಗಿಯಾಗಿ, ಕವಚ ಹೊರಬರಲು ಹಟ ಮಾಡುತ್ತದೆ. ದ್ರಾವಕದಲ್ಲಿ ಅದ್ದಿದ ಕಂಚಿನ ಬ್ರಷ್ಷಿನಿಂದ ಆ ಉಂಗುರವನ್ನು ಉಜ್ಜಿ ತೆಗೆಯಬೇಕು. ಮಾರ್ಲಿನ್‌ನಲ್ಲಿ ಲಿವರಿನ ಒಂದೇ ಸ್ಕ್ರೂ ಬಿಚ್ಚಿದರೆ ಬೋಲ್ಟ್ ಹೊರಬಂದು ಹಿಂದಿನಿಂದ ಶುಚಿ ಮಾಡಬಹುದು. ಹಾಗೆ ಸುಲಭವಾಗಿ ಬೋಲ್ಟ್ ಹೊರಬಾರದ ಕೋವಿಗಳಲ್ಲಿ ನಳಿಗೆಯ ಬಾಯಿಯಿಂದಲೇ ಸರಳು ಹಾಕಬೇಕಾಗುವುದರಿಂದ, ಸರಳು ಬಾಯಿಯ ಅಂಚನ್ನು ತೇಯದಂತೆ ಹಿತ್ತಾಳೆಯ ಬಿರಡೆ ಬಳಸಬೇಕು. ಸೀಸ ಮುಟ್ಟಿದ ಕೈಯಲ್ಲಿ ಮಗುವನ್ನು ಎತ್ತಿಕೊಳ್ಳುವ ಮೊದಲು ತಣ್ಣೀರು ಮತ್ತು ಸಾಬೂನಿನಲ್ಲಿ ತೊಳೆದುಕೊಳ್ಳಬೇಕು. ಕೋವಿ ಉಕ್ಕಿನ ಕಪಾಟಿನಲ್ಲಿ ಬೀಗದೊಳಗೆ, ತೋಟಾ ಬೇರೆ ಬೀಗದೊಳಗೆ.

ಇನ್ನು ಊರಿಗೆ ಬರುವವರಿಗೆ ಒಂದು ಎಚ್ಚರಿಕೆ. ರೇಂಜಿಗೆ ಕೊಂಡೊಯ್ಯುವ ಚೀಲವನ್ನು ಭಾರತದ ಪ್ರಯಾಣಕ್ಕೆ ಎಂದೂ ಬಳಸಬೇಡಿ. ಹೊಲಿಗೆಯ ಸಂದಿಯಲ್ಲಿ ಮರೆತು ಉಳಿದ ಒಂದೇ ಒಂದು ತೋಟಾ ಭಾರತದ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿದರೂ ಶಸ್ತ್ರಾಸ್ತ್ರ ಕಾಯಿದೆಯಡಿ ಪ್ರಕರಣ ದಾಖಲಾಗುತ್ತದೆ. ಅದು ಅಲ್ಲಿದ್ದದ್ದು ನಿಮಗೆ ಗೊತ್ತಿರಲಿಲ್ಲ ಎಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಡುವಷ್ಟರಲ್ಲಿ ರಜೆ ಮುಗಿದಿರುತ್ತದೆ, ಹಿಂದಿರುಗುವ ವಿಮಾನವೂ ಹೋಗಿರುತ್ತದೆ. ರೇಂಜಿನ ಚೀಲಕ್ಕೆ ಎದ್ದು ಕಾಣುವ ಬಣ್ಣದ್ದೊಂದನ್ನು ಆರಿಸಿ, ಅದನ್ನು ಕೋವಿಯ ಕಪಾಟಿನಲ್ಲೇ ನೇತುಹಾಕಿ. ಅಂಗಿ, ಪ್ಯಾಂಟು, ಜಾಕೆಟ್ಟಿನ ಜೇಬುಗಳನ್ನೂ ಸೂಟ್‌ಕೇಸಿಗೆ ಇಡುವ ಮೊದಲು ಒಳಗಿಂದ ಹೊರಗೆ ತಿರುಗಿಸಿ ನೋಡಿ.